ಬೀರು ಹೊರಿಸಿ ಜೋಡಿ ಹುಡುಕುವ ಗಂಟೆಯಕ್ಕ

ಇಲ್ಲಿ ಬರೆದಿರುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಬೇಕಾದರೆ ಆಣೆ ಮಾಡಿ ಹೇಳಬಹುದು. ಅಷ್ಟಾದರೂ ನಂಬಿಕೆ ಬಾರದವರು ಹೋಗಿ ಆ ಬೀರುವನ್ನೇ ನೋಡಲಿ. ಕಬ್ಬಿಣದ ಹಳೇ ಬೀರು. ಒಳಗೆ ಒಂದು ಕರವಸ್ತ್ರವೂ ಇಲ್ಲ, ಬಾಗಿಲಲ್ಲಿ ಕನ್ನಡಿ ಇದ್ದ ಕಡೆ ಬರೀ ಚೌಕಟ್ಟು. ಮೈತುಂಬ ತಗ್ಗು. ಒಂದೊಂದು ತಗ್ಗಿಗೂ ಒಬ್ಬೊಬ್ಬ ಹಳೇ ಹೆವಿವೇಯ್ಟ್ ಬಾಕ್ಸರ್ ಕಾರಣ. ಗುದ್ದಿದ್ದಕ್ಕಲ್ಲ, ಹೊತ್ತಿದ್ದಕ್ಕೆ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಾಕ್ಸಿಂಗ್ ಹಾಲ್‌ನ ಹಿಂಬದಿಯ ಮೆಟ್ಟಿಲ ಬುಡದಲ್ಲಿ ಗಂಟೆಯಕ್ಕ ನಿಂತಿದ್ದಾರೆ. ಒಂದು ಕೈಯಲ್ಲಿ ಚಹಾದ ಕೆಟಲು, ಇನ್ನೊಂದರಲ್ಲಿ ಹಾಲ್‌ನ ಬೀಗದ ಕೈಗೊಂಚಲು. ಎದುರಿಗೆ ಬೀರು. ಬೀರುವಿನ ಆಚೆಗೊಬ್ಬರು, ಈಚೆಗೊಬ್ಬರು, ಎರಡು ಆಳು. ಇಬ್ಬರಿಗೂ ಐವತ್ತು ದಾಟಿದೆ, ಇಬ್ಬರ ಬೆನ್ನೂ ಬೀರುವಿಗಿಂತ ಅಗಲ.

"ಮೂರನೇ ಮಹಡಿಗೆ ಅಷ್ಟೇ ಕಣ್ರಪ್ಪಾ. ಮನೆ ಬದಲಾಯಿಸ್ತಿದೀನಿ," ಎನ್ನುತ್ತಾರೆ ಅಕ್ಕ.

ಪಕ್ಕದ ಟೈಲರ್ ಅಂಗಡಿಯ ಶಟರ್ ಅರ್ಧ ಮೇಲೇರಿ ನಿಲ್ಲುತ್ತದೆ. ಕೆಳಗಿನಿಂದ ಟೈಲರ್ ತಲೆ ಹೊರಗೆ ಬರುತ್ತದೆ.

"ಏನಕ್ಕಾ, ಮತ್ತೆ ಮನೆ ಬದಲಾವಣೆನಾ? ಮೊನ್ನೆ ಮೊನ್ನೆ ಇಳಿಸಿದ್ರಲ್ಲ."

"ಮೇಲೆ ಗಾಳಿ ಚೆನ್ನಾಗಿದೆ ಕಣಪ್ಪ."

"ಇಳಿಸೋವಾಗ ಮೇಲೆ ಗಾಳಿ ಜಾಸ್ತಿ ಅಂದಿದ್ರಿ."

"ಗಾಳಿ ಅಂದ್ಮೇಲೆ ಹೆಚ್ಚುಕಮ್ಮಿ ಆಗುತ್ತೆ. ನೀನು ಹೊಲಿಗೆ ನೋಡ್ಕೋ."

ತಲೆ ಒಳಗೆ ಹೋಗುತ್ತದೆ. ಎರಡು ಆಳೂ ಬಗ್ಗುತ್ತಾರೆ. ಅಕ್ಕ ಕಣ್ಣು ಮುಚ್ಚಿಕೊಳ್ಳುತ್ತಾರೆ. ಅವರು ನೋಡುವುದು ಆಮೇಲೆ. ಮೊದಲು ಕೇಳುವುದು ಉಸಿರು.

ಬೀರು ಸಾಗಿಸುವುದು ಗಂಟೆಯಕ್ಕನ ಕೆಲಸವಲ್ಲ. ವಯಸ್ಸಾದ ಹೆವಿವೇಯ್ಟ್ ಬಾಕ್ಸರುಗಳಿಗೆ ಸರಿಜೋಡಿ ಹುಡುಕಿಕೊಡುವುದು ಅವರ ಕೆಲಸ. ಹೊಟ್ಟೆ ಮುಂದೆ ಬಂದು, ಕೂದಲು ಹಿಂದೆ ಹೋದ ಮೇಲೂ ಕೆಲವರಿಗೆ ರಿಂಗ್‌ನ ಹುಚ್ಚು ಬಿಡುವುದಿಲ್ಲ. ಹಾಗೆ ಬಂದವರಲ್ಲಿ ಯಾರ ಎದುರಿಗೆ ಯಾರು ನಿಂತರೆ ಆಟ ಆಟವಾಗಿರುತ್ತದೆ, ಯಾರ ಎದುರಿಗೆ ಯಾರು ನಿಂತರೆ ಆಸ್ಪತ್ರೆಗೆ ಫೋನ್ ಮಾಡಬೇಕಾಗುತ್ತದೆ ಎಂದು ತೂಗಿ ಹೇಳಬೇಕು. ಪಂದ್ಯದ ಪೋಸ್ಟರ್‌ನಲ್ಲಿ ಇಬ್ಬರು ಬಾಕ್ಸರುಗಳ ಹೆಸರಿರುತ್ತದೆ, ರೆಫರಿಯದ್ದಿರುತ್ತದೆ, ತೀರಾ ಕೆಳಗೆ ಪೋಸ್ಟರ್ ಅಚ್ಚು ಹಾಕಿದವರದ್ದೂ ಇರುತ್ತದೆ. ಅಕ್ಕನದ್ದು ಇರುವುದಿಲ್ಲ. ಹಾಲ್‌ನ ಲೆಕ್ಕದಲ್ಲಿ ಅವರು ಕಸ ಗುಡಿಸಿ, ಗ್ಲೌಸ್ ಒಣಗಿಸಿ, ಬೀಗ ಹಾಕುವ ಹೆಂಗಸು.

"ವಯಸ್ಸಾದ ಮೇಲೆ ಮೊದಲು ಹೋಗೋದು ಕಾಲು," ಎಂದು ಅವರು ವಿವರಿಸುತ್ತಾರೆ. "ಆಮೇಲೆ ಉಸಿರು. ಆಮೇಲೆ ಕಣ್ಣು. ಮುಷ್ಟಿ ಇದೆಯಲ್ಲ, ಅದು ಮಾತ್ರ ಎದ್ದು ಹೋಗದ ನೆಂಟರ ಥರ. ಮಿಕ್ಕಿದ್ದೆಲ್ಲ ಖಾಲಿ ಆದ್ರೂ ಕೂತೇ ಇರುತ್ತೆ. ಅದಕ್ಕೇ ಅಪಾಯ. ಗುದ್ದೋಕೆ ಬರುತ್ತೆ, ತಪ್ಪಿಸ್ಕೊಳ್ಳೋಕೆ ಬರಲ್ಲ."

ಹಾಗಾದರೆ ಬೀರು ಯಾಕೆ ಅಂದರೆ, ಅಕ್ಕನ ಉತ್ತರ ಚಿಕ್ಕದು: "ಪಂಚಿಂಗ್ ಬ್ಯಾಗ್ ಮುಂದೆ ಎಲ್ರೂ ಹುಲೀನೇ. ಮೆಟ್ಟಿಲ ತಿರುವಲ್ಲಿ ಬೀರು ಹಿಡ್ಕೊಂಡ ಗಂಡಸು ಸುಳ್ಳು ಹೇಳಲ್ಲ."

ಇದು ಪರೀಕ್ಷೆ ಎಂಬುದು ಈಗ ಎಲ್ಲ ಹಳೇ ಬಾಕ್ಸರುಗಳಿಗೂ ಗೊತ್ತು. ಆದರೂ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಅಕ್ಕ ಮನೆ ಬದಲಾಯಿಸುತ್ತಿದ್ದಾರೆ, ತಾವು ಸಹಾಯಕ್ಕೆ ಬಂದಿದ್ದೇವೆ, ಅಷ್ಟೇ. ಒಬ್ಬರಂತೂ ಮೇಲೆ ಇಟ್ಟ ಮೇಲೆ, "ಹೊಸ ಮನೆ ಚೆನ್ನಾಗಿದೆ ಅಕ್ಕ," ಎಂದು ಹೇಳಿ ಹೋಗಿದ್ದರು. ಆ ಮನೆಯಲ್ಲಿ ಅಕ್ಕ ಹುಟ್ಟಿದ್ದು.

ಇವತ್ತು ಬೀರುವಿನ ಈಚೆ ತುದಿ ಹಿಡಿದವರು ಗೋಡೆಯಣ್ಣ. ಒಂದು ಕಾಲದಲ್ಲಿ ಇವರನ್ನು ಕದಲಿಸಿದವರಿರಲಿಲ್ಲ. ಇವರು ಬಸ್ಸು ಹತ್ತಿದರೆ ಕಂಡಕ್ಟರ್ ಮೊದಲು ಇಳಿದು ಟೈರು ನೋಡಿ, ಆಮೇಲೆ ಟಿಕೆಟ್ ಕೊಡುತ್ತಿದ್ದರು. ಸಂಜೆ ದವಡೆಗೆ ಬಿದ್ದ ಗುದ್ದು ಇವರಿಗೆ ಗೊತ್ತಾಗುತ್ತಿದ್ದದ್ದು ಮಾರನೇ ದಿನ ಹಲ್ಲುಜ್ಜುವಾಗ. ಈಗ ಒಂದು ಗ್ರಂಥಾಲಯದ ಬಾಗಿಲಲ್ಲಿ ಕೂರುವ ಕೆಲಸ. ಅಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ, ಬೋರ್ಡ್ ಹಾಕುವ ಅಗತ್ಯವೂ ಬಿದ್ದಿಲ್ಲ.

ಇಂಥ ಗೋಡೆಯಣ್ಣನ ಕೊನೆಯ ಪಂದ್ಯ ಮುಗಿದ ರೀತಿ ಮಾತ್ರ ಯಾರಿಗೂ ಬೇಡ. ಗೆಲ್ಲುತ್ತಿದ್ದರು. ಮೂಲೆಯಲ್ಲಿ ಯಾರೋ ನೀರು ಚೆಲ್ಲಿದ್ದರು. ಕಾಲು ಜಾರಿತು, ತಲೆ ನೆಲಕ್ಕೆ ಬಡಿಯಿತು, ರೆಫರಿ ಹತ್ತು ಎಣಿಸಿದರು. ಎದುರಾಳಿ ಆಗ ಆ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದ. ಅಂದಿನಿಂದ ಗೋಡೆಯಣ್ಣ ಹೋದಲ್ಲೆಲ್ಲ ಒಂದೇ ತಮಾಷೆ. ಹೋಟೆಲಿಗೆ ಹೋದರೆ, "ಅಣ್ಣನಿಗೆ ನೀರು ಕೊಡಬೇಡ್ರೋ, ಮಲಗಿಬಿಡ್ತಾರೆ." ಗ್ರಂಥಾಲಯದ ನೆಲ ಒರೆಸುವವಳೂ ಬಕೆಟ್ ತಂದಾಗ, "ಸ್ವಲ್ಪ ದೂರ ಕೂತ್ಕೊಳ್ಳಿ ಅಣ್ಣ," ಎನ್ನುತ್ತಾಳೆ. ಪಾಪ, ಅವಳು ಕಾಳಜಿಯಿಂದಲೇ ಹೇಳುವುದು. ಅದೇ ಹೆಚ್ಚು ಚುಚ್ಚುವುದು.

"ಅಕ್ಕ, ನನಗೆ ಒಂದೇ ಒಂದು ಪಂದ್ಯ ಬೇಕು," ಎಂದು ಗೋಡೆಯಣ್ಣ ಬಂದು ಕೂತಿದ್ದರು. "ಗೆಲ್ಲಿಸಿ ಅನ್ನಲ್ಲ. ಸೋತ್ರೂ ಪರವಾಗಿಲ್ಲ. ಆದ್ರೆ ಒಬ್ಬ ಮನುಷ್ಯನ ಕೈಲಿ ಸೋಲ್ಬೇಕು. ನೆಲದ ಕೈಲಿ ಅಲ್ಲ."

ಅವರು ಹೋದ ಮೇಲೆ ಅವರ ಹೆಂಡತಿ ಬಂದರು. ಕೂರು ಅಂದರೂ ಕೂರಲಿಲ್ಲ.

"ಬೇಡ ಅಂತ ಹೇಳಿ ಹೇಳಿ ನನ್ನ ಗಂಟಲು ಹೋಯ್ತು ಅಕ್ಕ. ಕೇಳಲ್ಲ. ನೀವು ಜೋಡಿ ಹುಡುಕದಿದ್ರೆ ಆ ಕೋಟಿನವನ ಹತ್ರ ಹೋಗ್ತಾರಂತೆ. ಅವನು ಇಪ್ಪತ್ತಾರು ವರ್ಷದ ಒಬ್ಬನ್ನ ತಯಾರು ಮಾಡಿ ಇಟ್ಕೊಂಡಿದಾನೆ."

ಕೋಟಿನವನು ಅಂದರೆ ಪಂದ್ಯ ಏರ್ಪಡಿಸುವವನು, ಯಾವ ಸೆಖೆಗೂ ಕೋಟು ಬಿಚ್ಚದವನು. ಹೊಸ ಹುಡುಗರ ಹೆಸರು ಬೆಳೆಯಲು ಹಳಬರನ್ನು ಅವರ ಮುಂದೆ ನಿಲ್ಲಿಸುವುದು ಅವನ ಪದ್ಧತಿ.

"ಗೆಲುವು ನನಗೆ ಬೇಡ," ಎಂದರು ಹೆಂಡತಿ. "ಹೋದ ಕಾಲಲ್ಲೇ ವಾಪಸ್ ಬರ್ಬೇಕು. ಅಷ್ಟು ಮಾಡ್ಕೊಡಿ."

ಅಕ್ಕನಿಗೆ ಮೂರನೇ ಮಹಡಿಯ ತಮ್ಮ ಮನೆ ನೆನಪಿಗೆ ಬಂತು. ಆ ಮನೆಗೆ ಕರೆಗಂಟೆಯಿಲ್ಲ. ಬಂದವರು ಬಾಗಿಲು ಬಡಿಯುವ ಹಾಗೂ ಇಲ್ಲ, ಹೊರಗೆ ನಿಂತು ಕೆಮ್ಮಬೇಕು. ಒಳಗೆ ಕಿಟಕಿಯ ಪಕ್ಕ ಅವರ ಅಣ್ಣ ಕೂತಿರುತ್ತಾರೆ, ಅವರೂ ಹೆವಿವೇಯ್ಟೇ. ವಯಸ್ಸು ಮೀರಿದ ಮೇಲೆ ಅವರನ್ನೂ ಹೀಗೇ ಯಾವನೋ ಹುಡುಗನ ಮುಂದೆ ನಿಲ್ಲಿಸಿದ್ದರು. ಅಕ್ಕ ಆಗ ರಿಂಗ್ ಪಕ್ಕದಲ್ಲಿ ಗಂಟೆ ಹೊಡೆಯುವ ಕೆಲಸದಲ್ಲಿದ್ದರು, ಅಣ್ಣ ತಲೆಗೆ ಪೆಟ್ಟು ತಿಂದ ಸುತ್ತಿಗೂ ಅವರೇ ಹೊಡೆದರು. ಈಗ ಬೀದಿಯಲ್ಲಿ ಸೈಕಲ್ ಬೆಲ್ ಕೇಳಿದರೂ ಅಣ್ಣ ಎದ್ದು ನಿಲ್ಲುತ್ತಾರೆ, ಎರಡೂ ಕೈ ಮುಖದ ಮುಂದೆ ತರುತ್ತಾರೆ. ಅಕ್ಕ ಹೋಗಿ ಭುಜ ಮುಟ್ಟಿ, "ಮುಗೀತು ಅಣ್ಣ, ಕೂತ್ಕೋ," ಅಂದರೆ, "ಯಾರು ಗೆದ್ದಿದ್ದು?" ಎಂದು ಕೇಳುತ್ತಾರೆ. "ನೀನೇ," ಎನ್ನುತ್ತಾರೆ ಅಕ್ಕ. ಅವರು ಕೂರುತ್ತಾರೆ.

ಗಂಟೆಯ ಕೆಲಸ ಅವರು ಆಗಲೇ ಬಿಟ್ಟರು. ಹೆಸರು ಮಾತ್ರ ಅವರನ್ನು ಬಿಡಲಿಲ್ಲ.

ಗೋಡೆಯಣ್ಣನಿಗೆ ಜೋಡಿ ಹುಡುಕುವುದು ಸುಲಭವಿರಲಿಲ್ಲ. ಮೊದಲು ಕ್ರೇನ್ ಎಂಬ ಹೆಸರಿನವರನ್ನು ನೋಡಿಕೊಂಡು ಬಂದರು. "ಕೈ ಚೆನ್ನಾಗಿದೆ, ಕಾಲೂ ಪರವಾಗಿಲ್ಲ, ಕಿವಿ ಹೋಗಿದೆ. ಗಂಟೆ ಹೊಡೆದ್ರೂ ಗುದ್ದುತ್ತಾನೇ ಇರ್ತಾನೆ. ಹೋದ ಸಲ ಬಿಡಿಸೋಕೆ ಹೋದ ರೆಫರಿನ ಮಲಗಿಸಿ, ಆಮೇಲೆ ರೆಫರಿ ಎಲ್ಲಿ ಅಂತ ಹುಡುಕ್ತಿದ್ದ." ಬೇಡ. ಆಮೇಲೆ ಒಬ್ಬ ಹಳೇ ಚಾಂಪಿಯನ್. "ಅವನ ಮನೇಲಿ ಚಹಾ ಕುಡಿದೆ. ಕೂತಷ್ಟು ಹೊತ್ತೂ ನನ್ನ ಹಿಂದಿನ ಕನ್ನಡೀನೇ ನೋಡ್ತಿದ್ದ. ಅಂಥವನು ಎದುರಾಳಿ ಬಿದ್ರೂ ಫೋಟೋ ಸರಿಯಾಗಿ ಬರೋವರೆಗೂ ಬಿಡಲ್ಲ." ಅದೂ ಬೇಡ.

ಉಳಿದವರು ಜೋಗುಳಣ್ಣ. ಹರೆಯದಲ್ಲಿ ಎದುರಾಳಿಗಳನ್ನೆಲ್ಲ ಮಲಗಿಸುತ್ತಿದ್ದರೆಂದು ಆ ಹೆಸರು. ಈಗ ಶಾಲೆಯ ವ್ಯಾನ್ ಓಡಿಸುತ್ತಾರೆ. ಮಾತು ಎಷ್ಟು ಮೆತ್ತಗೆಂದರೆ, ಅವರು ಎರಡು ಮಾತಾಡಿದರೆ ಸಾಕು, ಹಿಂದಿನ ಸೀಟಿನ ಮಕ್ಕಳು ತೂಕಡಿಸುತ್ತಾರೆ. ಹೆಸರು ಈಗಲೂ ವ್ಯರ್ಥವಾಗಿಲ್ಲ. ಬೀರುವಿನ ಆಚೆ ತುದಿ ಹಿಡಿದಿರುವವರು ಅವರೇ.

ಮೊದಲ ಮಹಡಿ ಬರುವಷ್ಟರಲ್ಲಿ ಗಂಟೆಯಕ್ಕನಿಗೆ ಏನೋ ಸರಿಯಿಲ್ಲ ಎನಿಸುತ್ತದೆ. ಗೋಡೆಯಣ್ಣ ಎಡಗಾಲು ಎಳೆಯುತ್ತಿದ್ದಾರೆ. ಎಳೆಯುವುದಷ್ಟೇ ಅಲ್ಲ, "ಅಯ್ಯಪ್ಪಾ, ಎಡಗಾಲು," ಎಂದು ಹೆಸರು ಹಿಡಿದು ನರಳುತ್ತಿದ್ದಾರೆ. ಆ ಕಡೆ ಜೋಗುಳಣ್ಣ ಬಲಭುಜವನ್ನು ಗಲ್ಲಕ್ಕೆ ಒತ್ತಿಕೊಂಡು ಹಲ್ಲು ಕಚ್ಚುತ್ತಿದ್ದಾರೆ. ನೋವಿದ್ದ ಬಾಕ್ಸರ್ ಹೀಗೆ ತೋರಿಸಿಕೊಂಡದ್ದನ್ನು ಅಕ್ಕ ತಮ್ಮ ಜನ್ಮದಲ್ಲಿ ಕಂಡಿಲ್ಲ.

ಅವರಿಗೆ ಹೊಳೆಯುತ್ತದೆ. ರಿಂಗ್‌ನಲ್ಲಿ ಎಡಗೈ ಆಡಿಸಿ ಬಲಗೈಯಲ್ಲಿ ಗುದ್ದುವ ಹಾಗೆ, ಇಬ್ಬರೂ ಇಲ್ಲಿ ಒಂದು ಸುಳ್ಳು ನೋವನ್ನು ಮುಂದೆ ಬಿಟ್ಟು ನಿಜವಾದದ್ದನ್ನು ಹಿಂದೆ ಮುಚ್ಚಿಟ್ಟಿದ್ದಾರೆ. ಸಣ್ಣದೊಂದನ್ನು ಕೊಟ್ಟರೆ ಅಕ್ಕ ದೊಡ್ಡದನ್ನು ಹುಡುಕುವುದಿಲ್ಲ ಎಂಬ ಲೆಕ್ಕಾಚಾರ. ದೊಡ್ಡದು ಸಿಕ್ಕರೆ ಪಂದ್ಯ ಸಿಗುವುದಿಲ್ಲವಲ್ಲ.

"ಗೋಡೆ, ಯಾವ ಕಾಲು ನೋಯ್ತಿರೋದು?"

"ಎಡಗಾಲು ಅಕ್ಕ."

"ಮತ್ತೆ ಈಗ ಬಲಗಾಲು ಎಳೀತಿದೀಯ."

ಗೋಡೆಯಣ್ಣ ಕೆಳಗೆ ನೋಡಿಕೊಂಡು, "ಅದು ಎಡಗಾಲಿಗೆ ಸ್ವಲ್ಪ ರೆಸ್ಟ್ ಕೊಡೋಣ ಅಂತ," ಎನ್ನುತ್ತಾರೆ.

ಎರಡನೇ ಮಹಡಿಯ ತಿರುವಿನಲ್ಲಿ ಬೀರು ಸಿಕ್ಕಿಹಾಕಿಕೊಳ್ಳುತ್ತದೆ. ಒಬ್ಬರು ಎತ್ತಲಿ ಎಂದು ಇನ್ನೊಬ್ಬರು ಕಾಯುತ್ತಾರೆ. ಇಬ್ಬರೂ ನರಳುತ್ತಾರೆ, ಬೀರು ಕದಲುವುದಿಲ್ಲ. ಗಂಟೆಯಕ್ಕ ಗೋಡೆಗೊರಗಿ ನಿಂತು ಕೆಟಲು ಕೆಳಗಿಡುತ್ತಾರೆ. ಎಷ್ಟೋ ಜನರನ್ನು ಹತ್ತಿಸಿ ಇಳಿಸಿದ ಈ ಮೆಟ್ಟಿಲು ಇವತ್ತು ಬಾಯಿ ಬಿಡುತ್ತಿಲ್ಲ. ನಿಜವಾದ ನೋವು ಗೊತ್ತಾಗದೆ ಜೋಡಿ ಕೂಡಿಸುವ ಹಾಗಿಲ್ಲ. ಕೂಡಿಸದಿದ್ದರೆ ಗೋಡೆಯಣ್ಣ ಇಲ್ಲಿಂದ ನೇರ ಕೋಟಿನವನ ಬಾಗಿಲಿಗೆ ಹೋಗುತ್ತಾರೆ.

ಅಷ್ಟರಲ್ಲಿ ಎರಡನೇ ಮಹಡಿಯ ಅಜ್ಜಿ ಬಾಗಿಲು ತೆಗೆದು ಹೊರಬರುತ್ತಾರೆ, ಕೈಯಲ್ಲಿ ಹಾಲಿನ ಡಬ್ಬ. ಮೆಟ್ಟಿಲ ತುಂಬ ಬೀರು, ಬೀರುವಿನ ಎರಡೂ ಕಡೆ ದಾರಿ ತುಂಬ ಒಬ್ಬೊಬ್ಬ ಮನುಷ್ಯ.

"ಏನ್ರಯ್ಯಾ ಇದು, ಎಮ್ಮೆಗಳ ಹಾಗೆ ದಾರಿಗಡ್ಡ?"

"ಸಿಕ್ಕಾಕೊಂಡಿದೆ ಅಜ್ಜಿ," ಎನ್ನುತ್ತಾರೆ ಜೋಗುಳಣ್ಣ ಮೆತ್ತಗೆ.

"ಸಿಕ್ಕಾಕೊಂಡಿರೋದು ನಾನು. ಹಾಲಿನವನು ಹೋಗಿಬಿಡ್ತಾನೆ. ಇಷ್ಟು ದೊಡ್ಡ ದೇಹ ಇಟ್ಕೊಂಡು ಒಂದು ತಗಡಿನ ಡಬ್ಬ ಎತ್ತೋಕಾಗಲ್ವಾ? ನಿಮಗೆ ಊಟ ಹಾಕಿದವರು ಎಷ್ಟು ನೊಂದ್ಕೋಬೇಕು."

ಇಬ್ಬರಿಗೂ ನರಳುವುದು ಮರೆತುಹೋಗುತ್ತದೆ. ಒಂದೇ ಉಸಿರಿಗೆ ಬೀರು ಮೇಲಕ್ಕೇಳುತ್ತದೆ, ಇಬ್ಬರ ತಲೆಯ ಮಟ್ಟಕ್ಕೆ. ಅಜ್ಜಿ ಅದರ ಕೆಳಗೆ ನುಸುಳುತ್ತಾರೆ. ನುಸುಳಿ ನಡುವೆ ನಿಂತು ಚಪ್ಪಲಿ ಸರಿಮಾಡಿಕೊಳ್ಳುತ್ತಾರೆ. ಆಮೇಲೆ ಗಂಟೆಯಕ್ಕನ ಅಣ್ಣನಿಗೆ ನಿದ್ದೆ ಬಂತಾ ಎಂದು ವಿಚಾರಿಸುತ್ತಾರೆ. ಆಮೇಲೆ ತಮಗೆ ಬರಲಿಲ್ಲ ಎನ್ನುತ್ತಾರೆ, ಯಾಕೆ ಬರಲಿಲ್ಲ ಎಂಬುದನ್ನೂ ಹೇಳುತ್ತಾರೆ.

ಗಂಟೆಯಕ್ಕ ಹೂಂಗುಟ್ಟುತ್ತ ಈಗ ನೋಡುತ್ತಾರೆ. ಗೋಡೆಯಣ್ಣನ ಉಸಿರು ಸಲೀಸಾಗಿದೆ, ಆದರೆ ಬಲ ಮೊಣಕಾಲು ಹೊಲಿಗೆ ಮೆಷಿನ್ ಹಾಗೆ ನಡುಗುತ್ತಿದೆ. ಜೋಗುಳಣ್ಣನ ಬಲಭುಜಕ್ಕೆ ಏನೂ ಆಗಿಲ್ಲ. ಎಡಗೈ ಮಾತ್ರ ಕಿವಿಯಿಂದ ಮೇಲಕ್ಕೆ ಹೋಗಿಲ್ಲ, ಆ ಮೂಲೆಯನ್ನು ತಲೆಯ ಮೇಲೆ ಹೊತ್ತಿದ್ದಾರೆ. ಮತ್ತೆ ಇನ್ನೊಂದು. ಜೋಗುಳಣ್ಣನ ಕಣ್ಣು ಆ ನಡುಗುವ ಮೊಣಕಾಲಿಗೆ ಹೋಗುತ್ತದೆ. ಅವರು ಒಂದು ಮೆಟ್ಟಿಲು ಕೆಳಗಿಳಿದು ಭಾರವನ್ನು ತಮ್ಮ ಕಡೆಗೆ ವಾಲಿಸಿಕೊಳ್ಳುತ್ತಾರೆ. ಮೊಣಕಾಲಿನ ನಡುಕ ನಿಲ್ಲುತ್ತದೆ.

ಬೀರು ಮೇಲೆ ಮುಟ್ಟಿದ ಮೇಲೆ ಅಕ್ಕ ಚಹಾ ಬಗ್ಗಿಸಿ, ಜೋಗುಳಣ್ಣನನ್ನು ಪಕ್ಕಕ್ಕೆ ಕರೆಯುತ್ತಾರೆ.

"ಅವನ ಮೊಣಕಾಲು ನೋಡ್ದೆ ತಾನೆ?"

"ನೋಡ್ದೆ ಅಕ್ಕ."

"ರಿಂಗ್‌ನಲ್ಲಿ ಏನು ಮಾಡ್ತೀಯ? ಆ ಕಡೆ ತಳ್ಳಿ ಬೀಳಿಸ್ತೀಯಾ? ಇಲ್ಲ ಪಾಪ ಅಂತ ಸುಮ್ನೆ ಸವರಿ ಬಿಡ್ತೀಯಾ?"

ಜೋಗುಳಣ್ಣ ಲೋಟ ಕೆಳಗಿಡುತ್ತಾರೆ. "ಮೊಣಕಾಲು ಅವನದು ಅಕ್ಕ. ಅದರ ಸುದ್ದಿಗೆ ನಾನು ಹೋಗಲ್ಲ. ಅವನ ಮುಖ ಮಾತ್ರ ನಂದು. ಅದನ್ನ ಬಿಡಲ್ಲ."

ಗಂಟೆಯಕ್ಕ ನಗುವುದು ಕಡಿಮೆ. ಇವತ್ತು ನಗುತ್ತಾರೆ.

"ಒಬ್ಬನ ಕಾಲು ಇನ್ನೊಬ್ಬನ ಭುಜಕ್ಕೆ ಸರಿ ಹೋಯ್ತು," ಎಂದು ಇಬ್ಬರಿಗೂ ಕೇಳುವಂತೆ ಹೇಳುತ್ತಾರೆ. "ಮೂರು ಸುತ್ತು. ಗೋಡೆ ಬಲ ಮೊಣಕಾಲಿಗೆ ಪಟ್ಟಿ ಕಟ್ಕೋಬೇಕು. ಬಲ ಅಂದೆ, ಎಡ ಅಲ್ಲ."

ಗೋಡೆಯಣ್ಣನ ಮುಖ ಕೆಂಪಾಗುತ್ತದೆ. ಆಮೇಲೆ ತಗ್ಗಿದ ದನಿಯಲ್ಲಿ, "ಅಕ್ಕ, ಇವನು ನನ್ನ ನಿಜವಾಗ್ಲೂ ಹೊಡೀತಾನಾ?"

"ಹೊಡೀತಾನೆ."

"ಒಳ್ಳೆ ಮನುಷ್ಯನ ಹಾಗೆ ಕಾಣ್ತಾನೆ. ಅದಕ್ಕೇ ಭಯ."

"ಹೊಡೀತೀನಣ್ಣ," ಎಂದು ಜೋಗುಳಣ್ಣ ಸಮಾಧಾನ ಹೇಳುತ್ತಾರೆ.

ಭಾನುವಾರ ಬೆಳಿಗ್ಗೆ ಹಾಲ್ ಅರ್ಧ ತುಂಬಿದೆ. ಬಂದವರಲ್ಲಿ ಬಹಳ ಮಂದಿ ನಗುವುದಕ್ಕೇ ಬಂದವರು. ಮುಂದಿನ ಸಾಲಿನಲ್ಲಿ ಕೋಟಿನವನೂ ಕೂತಿದ್ದಾನೆ, ಇವತ್ತು ಗೋಡೆ ಉರುಳಿದರೆ ನಾಳೆ ತಾನು ಎಬ್ಬಿಸಿಕೊಂಡು ಹೋಗಬಹುದೆಂದು. ಗೋಡೆಯಣ್ಣ ರಿಂಗ್ ಹತ್ತುತ್ತಲೇ ಹಿಂದಿನಿಂದ ಒಬ್ಬ ಕೂಗುತ್ತಾನೆ: "ನೆಲ ಒರೆಸಿದೀರೇನ್ರೋ?"

ಒರೆಸಿದ್ದಾರೆ. ಗಂಟೆಯಕ್ಕ ಒಣಬಟ್ಟೆ ಹಿಡಿದು, ಮಂಡಿಯೂರಿ, ಮೂಲೆ ಮೂಲೆ ಒರೆಸಿದ್ದಾರೆ. ಇಬ್ಬರ ನೀರಿನ ಬಾಟಲಿಗಳನ್ನೂ ಕೆಳಗಿಳಿಸಿ, ಬಾಯಾರಿದರೆ ಇಳಿದು ಬನ್ನಿ ಎಂದಿದ್ದಾರೆ.

ಮೊದಲ ಸುತ್ತು ಎರಡು ಲಾರಿಗಳು ಸಣ್ಣ ಓಣಿಯಲ್ಲಿ ದಾರಿ ಬಿಟ್ಟುಕೊಳ್ಳುವ ಹಾಗೆ ನಡೆಯುತ್ತದೆ. ಜನ ಆಕಳಿಸುತ್ತಾರೆ. ಎರಡನೇ ಸುತ್ತಿನಲ್ಲಿ ಗೋಡೆಯಣ್ಣ ಮುಂದೆ ನುಗ್ಗುತ್ತಾರೆ, ಜೋಗುಳಣ್ಣ ಹಿಂದೆ ಸರಿಯುತ್ತಾರೆ, ಅಲ್ಲಿಂದಲೇ ಅವರ ಬಲಗೈ ಹೊರಡುತ್ತದೆ. ಸದ್ದು ಹಿಂದಿನ ಸಾಲಿಗೂ ಕೇಳುತ್ತದೆ. ಗೋಡೆಯಣ್ಣ ಕೂತುಬಿಡುತ್ತಾರೆ.

ಯಾರೂ ನಗುವುದಿಲ್ಲ. ರೆಫರಿ ಎಣಿಸುತ್ತಿದ್ದಾರೆ. ಕೆಳಗೆ ಅಕ್ಕ ಸೆರಗಿನ ತುದಿಯನ್ನು ರಕ್ತ ಹರಿಯದಷ್ಟು ಬಿಗಿಯಾಗಿ ಬೆರಳಿಗೆ ಸುತ್ತಿಕೊಂಡಿದ್ದಾರೆ. ಅವರು ನೋಡುತ್ತಿರುವುದು ಮುಖವನ್ನಲ್ಲ, ಬಲ ಮೊಣಕಾಲನ್ನು. ಗೋಡೆಯಣ್ಣ ಗ್ಲೌಸ್ ತೊಟ್ಟ ಕೈಯಿಂದ ನೆಲವನ್ನು ಸವರಿ ನೋಡುತ್ತಾರೆ. ಗ್ಲೌಸನ್ನು ಕೆನ್ನೆಗೆ ಒತ್ತಿಕೊಂಡು ನೋಡುತ್ತಾರೆ. ಒಣಗಿದೆ. ಅವರ ಮುಖದ ಮೇಲೆ ಎಂಥ ನಗು ಬರುತ್ತದೆಂದರೆ, ರೆಫರಿ ಎಣಿಸುವುದನ್ನು ಅರೆಗಳಿಗೆ ಮರೆಯುತ್ತಾರೆ. ಎಡಗಾಲು ಮೊದಲು ಊರಿ, ಆಮೇಲೆ ಬಲಗಾಲು, ಗೋಡೆ ಮತ್ತೆ ಎದ್ದು ನಿಲ್ಲುತ್ತದೆ.

ಮೂರನೇ ಸುತ್ತಿನಲ್ಲಿ ಅವರು ಕೊಟ್ಟ ಒಂದು ಗುದ್ದಿಗೆ ಜೋಗುಳಣ್ಣನ ಹಲ್ಲಿನ ಕವಚ ಹಾರಿ ಕೋಟಿನವನ ಮೇಲು ಜೇಬಿನಲ್ಲಿ ಬಿದ್ದಿತು. ಇದನ್ನು ಹಾಲ್‌ನಲ್ಲಿದ್ದ ಯಾರನ್ನು ಬೇಕಾದರೂ ಕೇಳಬಹುದು. ಅಂಕದಲ್ಲಿ ಗೆದ್ದವರು ಜೋಗುಳಣ್ಣ, ಕೂದಲೆಳೆಯಷ್ಟು. ನೆಲ ಒರೆಸಿದೀರಾ ಎಂದು ಕೂಗಿದವನು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ. ಕೋಟಿನವನು ಕವಚ ವಾಪಸ್ ಕೊಟ್ಟು, ಯಾರನ್ನೂ ಮಾತಾಡಿಸದೆ ಹೊರಟುಹೋದ.

ಮಹಡಿಯ ಡ್ರೆಸ್ಸಿಂಗ್ ಕೋಣೆಯಲ್ಲಿ ಡಾಕ್ಟರು ಗೋಡೆಯಣ್ಣನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಏನೂ ತೊಂದರೆಯಿಲ್ಲ ಎಂದು ಹೇಳಿ ಹೋಗಿದ್ದಾರೆ. ಅಕ್ಕ ಮುಷ್ಟಿಗೆ ಸುತ್ತಿದ ಪಟ್ಟಿಯನ್ನು ಕತ್ತರಿಸುತ್ತಿದ್ದಾರೆ.

"ಹೊಡೆದ ಅಲ್ವಾ ಅಕ್ಕ?"

"ಹೊಡೆದ."

"ಎಲ್ರೂ ನೋಡಿದ್ರು ತಾನೆ?"

"ನೋಡಿದ್ರು. ಅಲ್ಲಾಡಬೇಡ, ಬೆರಳು ಕತ್ತರಿಸಿದ್ರೆ ನನ್ನ ಬೈಬೇಡ."

"ದವಡೆ ಈಗ್ಲೇ ನೋಯ್ತಿದೆ ಅಕ್ಕ. ಮೊದಲೆಲ್ಲ ಮಾರನೇ ದಿನ ನೋಯ್ತಿತ್ತು," ಎನ್ನುತ್ತಾರೆ ಗೋಡೆಯಣ್ಣ, ಬಹುಮಾನ ಬಂದವರ ಹಾಗೆ.

ಕೆಳಗಿನಿಂದ ಅವರ ಹೆಂಡತಿಯ ದನಿ ಕೇಳುತ್ತದೆ. ಒಳಗೆ ಬಂದು ಪಂದ್ಯ ನೋಡಲು ಅವರಿಗೆ ಧೈರ್ಯ ಬಂದಿರಲಿಲ್ಲ, ಬೀದಿಯಲ್ಲೇ ನಿಂತಿದ್ದರು. "ಬರ್ತೀರೋ, ಇಲ್ಲ ನಾನೇ ಹತ್ತಿ ಬರ್ಲೋ?"

ಗೋಡೆಯಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಮುಂದಿನ ಸಲ ಪೋಸ್ಟರ್‌ನಲ್ಲಿ ನಿಮ್ಮ ಹೆಸರೂ ಹಾಕಿಸ್ಬೇಕು ಅಕ್ಕ," ಎನ್ನುತ್ತಾರೆ.

"ಮುಂದಿನ ಸಲ ಅಂದ್ರೆ ಕಿವಿ ಹಿಂಡ್ತೀನಿ," ಎನ್ನುತ್ತ ಅಕ್ಕ ಆ ಕಡೆ ತಿರುಗಿ ಕತ್ತರಿಯನ್ನು ಒರೆಸಿ ಡಬ್ಬಕ್ಕೆ ಹಾಕುತ್ತಾರೆ. "ಹೆಸರು ಕಟ್ಕೊಂಡು ನಾನೇನು ಮಾಡ್ಲಿ. ನನಗಿರೋದು ಒಂದೇ ಆಸೆ ಕಣೋ. ನಾನು ಕೂಡಿಸಿದ ಜೋಡೀಲಿ ಗೆದ್ದೋನೂ ಸೋತೋನೂ ಇಬ್ರೂ," ಎಂದು ಅವರು ಹೇಳುತ್ತಲೇ ಇದ್ದಾರೆ, ಹಿಂದೆ ಮೆಟ್ಟಿಲ ಮೇಲೆ ಗೋಡೆಯಣ್ಣನ ಭಾರದ ಹೆಜ್ಜೆಗಳು ಒಂದು ಗಟ್ಟಿಯಾಗಿ, ಒಂದು ಮೆಲ್ಲಗೆ ಆಗಲೇ ಇಳಿಯುತ್ತಿವೆ, "ಯಾರ ಹೆಗಲೂ ಹಿಡೀದೆ, ತಮ್ಮ ಕಾಲ ಮೇಲೆ ತಾವೇ ನಡ್ಕೊಂಡು ಮನೆಗೆ ಹೋಗ್ಬೇಕು."